ಮರಳು ಹದಕ್ಕೆ ಬರುವವರೆಗೆ

ಒಲೆ ಆರಿದ ಸದ್ದು ಇಷ್ಟು ದೂರ ಬೆನ್ನು ಹತ್ತಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಸದ್ದು ಎನ್ನುವಷ್ಟು ದೊಡ್ಡದಲ್ಲ ಅದು. ತಿರುಪು ಕಟಕ್ಕೆಂದದ್ದು, ನೀಲಿ ಉರಿ ಒಂದು ಸಲ ಬಿಕ್ಕಿ ಒಳಗೆ ಸೇರಿಕೊಂಡದ್ದು, ಅಷ್ಟೆ. ಪಾತ್ರೆಯ ತಳದಲ್ಲಿ ಆಗತಾನೆ ಸಾಸಿವೆಯಂಥ ಗುಳ್ಳೆಗಳು ಏಳತೊಡಗಿದ್ದವು. ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಕುದಿ ಬರುತ್ತಿತ್ತು. ಹೆಂಡತಿ ಬಿಡಲಿಲ್ಲ. ಅವನ ಮಾತು ಮುಗಿದ ಮೇಲೆ ಒಂದು ಗಳಿಗೆ ಪಾತ್ರೆಯನ್ನೇ ನೋಡುತ್ತ ನಿಂತು, ಒಲೆ ಆರಿಸಿ, ಅರೆಬೆಚ್ಚಗಿನ ನೀರನ್ನು ಹಾಗೇ ಮುಚ್ಚಿಟ್ಟು, ಹೊಲಿಗೆಯ ಚೀಲ ಹುಡುಕಲು ಒಳಗೆ ಹೋದಳು. ಬೈದಿದ್ದರೆ, ಅತ್ತಿದ್ದರೆ, ಹೋಗಲಿ ಪಾತ್ರೆಯನ್ನು ಒಂದು ಸಲ ಕುಕ್ಕಿದ್ದರೂ ಅವನು ಅದಕ್ಕೊಂದು ಉತ್ತರ ಹುಡುಕಿಕೊಳ್ಳುತ್ತಿದ್ದ. ಆರಿದ ಒಲೆಗೆ ಯಾರು ಏನೆಂದು ಉತ್ತರ ಹೇಳುವುದು? ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಎಡಗಾಲಿಗೆ ಬಲಗಾಲಿನದು ಸಿಕ್ಕಿತು. ಬೀದಿಯ ತಿರುವಿನಲ್ಲಿ ಹಾಲಿನವನು ‘ಏನು ಸಾರ್, ಮೇಲಿನ ಬೀದಿಗೆ ನೀರು ಸಣ್ಣಗೆ ಬರ್ತಿದೆಯಲ್ಲ’ ಎಂದ. ಅದಕ್ಕೆ ಅವನು ಒಮ್ಮೆ ತಲೆಯಾಡಿಸಿದನೇ ಹೊರತು ಕೇಳಿದ್ದೇನೆಂಬುದು ತಲೆಗೆ ಹೋಗಲಿಲ್ಲ.

‘ಇಷ್ಟು ವರ್ಷ ನನ್ನ ನೀರು ಕುಡಿದು ಈ ಊರಲ್ಲಿ ಯಾರೂ ಸತ್ತಿಲ್ಲ.’ ಅವನು ಆಡಿದ್ದು ಇದು. ಗಟ್ಟಿಯಾಗಿ ಕೂಡ ಅಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಗೋಡೆಯ ಕಡೆ ಮುಖ ಮಾಡಿ, ಹವೆಯ ವಿಷಯ ಮಾತಾಡುವವನ ಹಾಗೆ. ಸತ್ತಿಲ್ಲ. ಬೇರೆ ಎಷ್ಟು ಮಾತುಗಳಿರಲಿಲ್ಲ? ಕಾಯಿಲೆ ಬಿದ್ದಿಲ್ಲ ಎನ್ನಬಹುದಿತ್ತು, ತೊಂದರೆ ಆಗಿಲ್ಲ ಎನ್ನಬಹುದಿತ್ತು. ಮಗುವನ್ನು ನೀರಿನ ಜ್ವರಕ್ಕೆ ಕೊಟ್ಟು ಬಂದ ತಾಯಿಯ ಎದುರು ನಾಲಗೆ ತಾನಾಗಿಯೇ ಹೋಗಿ ಆ ಒಂದು ಮಾತನ್ನೇ ಹೆಕ್ಕಿ ತಂದಿತ್ತು. ಗೊತ್ತಿಲ್ಲದೆ ಆಡಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಮದುವೆಗೆ ಮುಂಚೆಯೇ ಅಕ್ಕ ಅವನನ್ನು ಹಿತ್ತಿಲಿಗೆ ಕರೆದು ಹೇಳಿದ್ದಳು. ‘ನೋಡೋ, ಒಳ್ಳೆಯವಳು. ಆಸ್ಪತ್ರೇಲಿ ಹೊಲಿಗೆ ಕೆಲಸ, ಹೊದಿಕೆ, ಅಂಗಿ ಎಲ್ಲ ಅವಳ ಕೈದೇ. ಮೊದಲ ಗಂಡ ಹೋಗಿ ಬಹಳ ದಿನ ಆಯ್ತು. ಒಂದು ಗಂಡು ಕೂಸಿತ್ತಂತೆ, ಕೆಟ್ಟ ನೀರು ಕುಡಿದು ಜ್ವರ ಬಂದು ಹೋಯ್ತಂತೆ. ಆ ಮಾತು ಮಾತ್ರ ತೆಗೀಬೇಡ ನೀನು.’ ತೆಗೆಯಲಿಲ್ಲ ಅವನು. ತಲೆಯ ಕೂದಲು ಬೆಳ್ಳಗಾಗತೊಡಗಿದ ಮೇಲೆ ಮನೆಗೆ ಬಂದ ಹೆಂಡತಿ. ಅವಳ ಸುತ್ತ ಬೆಕ್ಕಿನ ಹೆಜ್ಜೆಯಲ್ಲಿ ನಡೆದಾಡಿದ. ಸುಮ್ಮನಿರುವುದನ್ನೇ ಪ್ರೀತಿ ಎಂದುಕೊಂಡಿದ್ದ.

ಅವಳು ಬಂದ ಮಾರನೆಯ ಬೆಳಿಗ್ಗೆಯೇ ನಲ್ಲಿಯ ನೀರನ್ನು ಒಲೆಗೆ ಇಟ್ಟಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ನೀರು ಮಗುಚಿ ಮಗುಚಿ ಕುದಿದ ಮೇಲೆ ಆರಿಸಿ, ಬಟ್ಟೆ ಕಟ್ಟಿ, ಒಂದು ಬಿಂದಿಗೆಗೆ ತುಂಬಿದಳು. ಅವನ ಹಳೆಯ ಬಿಂದಿಗೆಗೆ ನಲ್ಲಿಯ ನೀರನ್ನೇ ತುಂಬಿ ಪಕ್ಕದಲ್ಲಿಟ್ಟಳು. ಊಟಕ್ಕೆ ಕೂತಾಗ ಅವನ ಲೋಟಕ್ಕೆ ಅವನದು, ಅವಳ ಲೋಟಕ್ಕೆ ಅವಳದು. ಹೀಗೆ ಒಂದೇ ಮನೆಯಲ್ಲಿ ಎರಡು ನೀರಾಯಿತು. ಮೊದಮೊದಲು ಅವನಿಗೆ ಅದು ಏನೂ ಅನ್ನಿಸಲಿಲ್ಲ, ಅಥವಾ ಅನ್ನಿಸಿದ್ದನ್ನು ಅವನು ನೋಡಲು ಹೋಗಲಿಲ್ಲ. ಹೋದ ವಾರ ಅಕ್ಕ ಬಂದು ಅಡುಗೆಮನೆಯಲ್ಲಿ ಇಣುಕಿ ನೋಡಿ ನಕ್ಕುಬಿಟ್ಟಳು. ‘ಅಲ್ಲ ಕಣೋ, ಊರಿಗೆಲ್ಲ ನೀರು ಕುಡಿಸೋನು ನೀನು. ನಿನ್ನ ಹೆಂಡ್ತಿ ನಿನ್ನ ನೀರನ್ನ ದಿನಾ ಒಲೆ ಮೇಲಿಟ್ಟು ಶಿಕ್ಷೆ ಕೊಡ್ತಾಳಲ್ಲೋ.’ ಅವನೂ ನಕ್ಕ. ಅವಳೂ ನಕ್ಕಳು, ತಲೆ ತಗ್ಗಿಸಿ. ಮುಳ್ಳು ಹೊಕ್ಕ ಕಡೆ ಆ ಕ್ಷಣಕ್ಕೆ ನೋವಿಲ್ಲ. ಮಲಗಿದ ಮೇಲೆ ಮಿಡಿಯತೊಡಗುತ್ತದೆ. ಇಡೀ ವಾರ ಅದು ಒಳಗೇ ಮಿಡಿದು ಈ ದಿನ ಬೆಳಿಗ್ಗೆ ಗುಂಡಿ ಹಾಕಿಕೊಳ್ಳುವ ಹೊತ್ತಿಗೆ ಬಾಯಿಗೆ ಬಂದಿತ್ತು.

ಊರಿನವರು ಸೋಸುಮನೆ ಎನ್ನುವ ಜಾಗದಲ್ಲಿ ಮನೆ ಎನ್ನಬಹುದಾದದ್ದು ವಾಲ್ವುಗಳ ಕೋಣೆಯೊಂದೇ. ಉಳಿದದ್ದೆಲ್ಲ ಬಯಲು, ಬಯಲಿನಲ್ಲಿ ಅಗಲವಾದ ನಾಲ್ಕು ಕಲ್ಲುಕೊಳಗಳು. ತಳದಲ್ಲಿ ಜಲ್ಲಿ, ಜಲ್ಲಿಯ ಮೇಲೆ ಎದೆಮಟ್ಟ ಮರಳು, ಮರಳಿನ ಮೇಲೆ ಕೆರೆಯಿಂದ ಬಂದ ನೀರು. ಕೆಲಸದವರ ಬಾಯಲ್ಲಿ ಇವಕ್ಕೆ ಹಾಸು ಎಂದು ಹೆಸರು. ನೋಡಲು ಬಂದವರು ಇಷ್ಟೇನಾ ಎನ್ನುತ್ತಾರೆ, ಏಕೆಂದರೆ ಇಲ್ಲಿ ಏನೂ ತಿರುಗುವುದಿಲ್ಲ, ಏನೂ ಗುಡುಗುವುದಿಲ್ಲ. ನೀರು ಮರಳಿನೊಳಗೆ ಗಂಟೆಗೆ ಅರ್ಧ ಗೇಣು ಇಳಿಯುತ್ತದೆ, ಅಷ್ಟೆ. ಅದಕ್ಕಿಂತ ಅವಸರ ಮಾಡುವ ಹಾಗಿಲ್ಲ. ಹೊರೆ ಹೆಚ್ಚಾದರೆ ಮರಳು ಸೋಸುವುದನ್ನು ಬಿಟ್ಟು ದಾರಿ ಬಿಟ್ಟುಕೊಡುತ್ತದೆ. ಇನ್ನೂ ಹೇಳಬೇಕೆಂದರೆ ಸೋಸುವುದು ಮರಳೇ ಅಲ್ಲ. ಮರಳಿನ ಮೈಮೇಲೆ ದಿನ ಕಳೆದಂತೆ ಒಂದು ಕೆನೆ ಕಟ್ಟುತ್ತದೆ. ಕಂದು ಬಣ್ಣದ, ಮುಟ್ಟಿದರೆ ಜಾರುವ, ಬೆರಳುಗುರಿನಷ್ಟು ತೆಳ್ಳಗಿನ ಕೆನೆ. ಅದರೊಳಗೆ ಕಣ್ಣಿಗೆ ಕಾಣದ ಕೋಟಿ ಜೀವಗಳು ಕೂತು, ಮೇಲಿಂದ ಬರುವ ಕೆಡುಕನ್ನೆಲ್ಲ ತಿಂದು, ಕೆಳಗೆ ಒಳಿತನ್ನಷ್ಟೇ ಬಿಡುತ್ತವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಕೇಳಿ ಅವನು ಎಷ್ಟೋ ಹೊತ್ತು ಕೊಳದ ದಂಡೆಯಲ್ಲಿ ಕೈಮುಗಿದವನಂತೆ ನಿಂತಿದ್ದ. ದೇವರು ತನ್ನ ದೊಡ್ಡ ಕೆಲಸಗಳನ್ನು ಯಾರ ಕೈಗೆ ಒಪ್ಪಿಸಿದ್ದಾನೆ ನೋಡು ಎನ್ನಿಸಿತ್ತು. ಇಂದಿಗೂ ಬೆಳಿಗ್ಗೆ ಬಂದವನು ಮೊದಲು ನೀರಿನ ಮೇಲೆ ಬಾಗಿ ಒಂದು ಸಲ ನೋಡುತ್ತಾನೆ. ಅದನ್ನು ಪ್ರಾರ್ಥನೆ ಎಂದು ಅವನು ಯಾರೆದುರೂ ಹೇಳಿಲ್ಲ. ಬೆನ್ನ ಹಿಂದೆ ಕೆಲಸದವರು ತನಗೆ ಸೋಸಪ್ಪ ಎಂದು ಹೆಸರಿಟ್ಟಿದ್ದಾರೆಂದೂ ಅವನಿಗೆ ಗೊತ್ತು.

ಕೆನೆ ದಪ್ಪವಾಗುತ್ತ ಆಗುತ್ತ ನೀರಿಗೆ ದಾರಿಯಿಲ್ಲದಾಗುತ್ತದೆ. ಆಗ ಹಾಸನ್ನು ನಿಲ್ಲಿಸಿ, ನೀರನ್ನು ಮರಳಿನ ಕೆಳಕ್ಕೆ ಇಳಿಸಿ, ಮೇಲಿನ ಹೆಬ್ಬೆರಳು ದಪ್ಪದ ಪದರವನ್ನು ಕೆರೆದು ತೆಗೆಯಬೇಕು. ಮೂರನೆಯ ಹಾಸನ್ನು ನಿನ್ನೆ ಹಾಗೆ ಕೆರೆದು ಮುಗಿಸಿದ್ದರು. ಈಗ ಅದು ಬೋಳಾಗಿ, ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಹೀಗೆ ಕೆರೆದ ಹಾಸಿನಿಂದ ಬರುವ ಮೊದಲ ನೀರಿನಷ್ಟು ಚೆಂದದ ನೀರು ಲೋಕದಲ್ಲಿಲ್ಲ. ಕನ್ನಡಿ. ಆದರೆ ಅದರಲ್ಲಿ ತಿಳಿ ಇದೆ, ಕಾವಲಿಲ್ಲ. ಕೆನೆ ಮತ್ತೆ ಕಟ್ಟುವವರೆಗೆ, ಪರೀಕ್ಷೆ ಮಾಡಿದವರು ಸರಿ ಎನ್ನುವವರೆಗೆ, ದಿನಗಟ್ಟಲೆ ಅದನ್ನು ಹೊರಗಾಲುವೆಗೆ ಹರಿಸಿ ಚೆಲ್ಲಬೇಕು. ಊರಿನವರಿಗೆ ಇದು ಗೊತ್ತಾದರೆ ಹೊಟ್ಟೆ ಉರಿದುಕೊಳ್ಳುತ್ತಾರೆ. ಅಷ್ಟು ಒಳ್ಳೆಯ ನೀರು, ದಂಡಕ್ಕೆ.

‘ಯಜಮಾನ್ರೇ, ನಿಮ್ಮ ಮುಖ ನೋಡಿದ್ರೆ ಅದನ್ನೂ ಕೆರೆದು ತೊಳೀಬೇಕು ಅನ್ಸುತ್ತೆ’ ಎಂದ ಮೇಸ್ತ್ರಿ. ಕೆರೆಯುವವರ ತಂಡದ ಹಿರಿಯ ಅವನು, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಸಲಿಕೆಯನ್ನು ಕಲ್ಲಿಗೆ ಒರಗಿಸಿ, ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

‘ಕೆಳಗಿನ ನೀರು ಬಿಟ್ಟಾಯ್ತಾ?’ ಎಂದು ಅವನು ಕೇಳಿದ.

‘ಆಗಲೇ ಬಿಟ್ಟಾಯ್ತು. ನೀವೇ ಬಂದು ಬಿಟ್ಟಿದ್ದು. ಮರೆತುಹೋಯ್ತಾ?’

ಮರೆತೇಹೋಗಿತ್ತು. ಬರಿದಾದ ಹಾಸಿನೊಳಕ್ಕೆ ನೀರನ್ನು ಮೇಲಿನಿಂದ ಸುರಿಯುವಂತಿಲ್ಲ. ಪಕ್ಕದ ಹಾಸಿನ ಸೋಸಿದ ನೀರನ್ನೇ ಕೆಳಗಿನ ಕೊಳವೆಯಿಂದ ಮೆಲ್ಲಗೆ ಏರಿಸಬೇಕು. ಮರಳಿನ ಸಂದುಸಂದಿನಲ್ಲಿ ಗಾಳಿ ಕೂತಿರುತ್ತದೆ. ಕೆಳಗಿನಿಂದ ಏರುವ ನೀರು ಅದನ್ನು ಎಬ್ಬಿಸಿ, ಮೇಲೆ ಕಳಿಸಿ, ಆಮೇಲೆ ತಾನು ಆ ಜಾಗದಲ್ಲಿ ಕೂರುತ್ತದೆ. ಅವಸರ ಮಾಡಿ ಮೇಲಿನಿಂದ ಬಿಟ್ಟರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಎಷ್ಟು ನೀರು ಹೇರಿದರೂ ಇಳಿಯುವುದಿಲ್ಲ, ಒಂದು ದಿನ ಎಲ್ಲೋ ಒಂದು ಕಡೆ ಒಡೆದು ತೂತು ಮಾಡಿಕೊಂಡು ಹೊರಬೀಳುತ್ತದೆ. ಅವನು ದಂಡೆಯ ಮೇಲೆ ನಿಂತು ನೋಡಿದ. ಬೋಳು ಮರಳು ಮೂಲೆಯಿಂದ ಕಪ್ಪಗೆ ಒದ್ದೆಯಾಗುತ್ತ ಬರುತ್ತಿತ್ತು. ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದು, ಸಣ್ಣದಾಗಿ ಬಾಯಿ ಬಿಟ್ಟು, ಅಡಗುತ್ತಿತ್ತು. ನಿದ್ದೆಯಲ್ಲಿ ಮಾತಾಡುವವರ ತುಟಿಯ ಹಾಗೆ. ಅವಳು ಒಮ್ಮೊಮ್ಮೆ ನಿದ್ದೆಯಲ್ಲಿ ಮಾತಾಡುತ್ತಾಳೆ. ಏನೆಂದು ತಿಳಿಯುವುದಿಲ್ಲ, ಯಾರನ್ನೋ ಕರೆದ ಹಾಗಿರುತ್ತದೆ. ಅವನು ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಾನೆ, ಬೆಳಿಗ್ಗೆ ಕೇಳಿಸದವನಂತೆ ಇರುತ್ತಾನೆ. ಅವಳು ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿಯುವಾಗ ಒಂದು ಕಣ್ಣು ಮುಚ್ಚುತ್ತಾಳೆ. ಹೊದಿಕೆ ಮಡಿಸುವಾಗ ನಾಲ್ಕು ಮೂಲೆಯನ್ನೂ ಅಂಗೈಯಿಂದ ಸವರುತ್ತಾಳೆ, ಒಳಗೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ. ಇಷ್ಟೆಲ್ಲ ನೋಡಿಟ್ಟುಕೊಂಡವನು ಬೆಳಿಗ್ಗೆ ಅವಳ ಮುಖ ನೋಡದೆ ಗೋಡೆಗೆ ಹೇಳಿದ್ದ, ಸತ್ತಿಲ್ಲ ಎಂದು.

‘ಯಜಮಾನ್ರೇ!’

ಅವನ ಕೈ ಮೇಲಿನ ವಾಲ್ವಿನ ಚಕ್ರದ ಮೇಲಿತ್ತು. ತಿರುಗಿಸಿಯೂ ಆಗಿತ್ತು. ಕೆರೆಯ ಹಸಿರು ನೀರು ಮೂಲೆಯಲ್ಲಿ ದಬದಬ ಬಿದ್ದು, ಇನ್ನೂ ಮುಳುಗದ ಮರಳಿನಲ್ಲಿ ಹೊಂಡ ತೋಡುತ್ತಿತ್ತು. ಮೇಸ್ತ್ರಿ ಓಡಿಬಂದು ಚಕ್ರಕ್ಕೆ ಕೈ ಹಾಕಿದ. ಇಬ್ಬರೂ ಸೇರಿ ಮುಚ್ಚಿದರು. ಆಚೆ ದಂಡೆಯಲ್ಲಿ ತಂಡದವರು ಮಾತು ನಿಲ್ಲಿಸಿ ಇತ್ತ ನೋಡಿ, ನೋಡಲಿಲ್ಲವೆಂಬಂತೆ ಬೇರೆ ಕಡೆ ತಿರುಗಿದರು.

‘ನಾನು ಹೀಗೆ ಮಾಡಿದ್ರೆ ಸಾಯಂಕಾಲದವರೆಗೂ ಪಾಠ ಹೇಳ್ತಿದ್ರಿ’ ಎಂದ ಮೇಸ್ತ್ರಿ.

‘ಹೇಳು ಮಾರಾಯ. ನೀನೇ ಹೇಳು ಇವತ್ತು.’

‘ನಂಗೆಲ್ಲಿ ಪಾಠ ಬರುತ್ತೆ.’ ಮೇಸ್ತ್ರಿ ಹೊಂಡದ ಕಡೆ ನೋಡಿದ. ‘ಅದೊಂದು ಮೂಲೆ ಸರಿ ಮಾಡಿದ್ರಾಯ್ತು ಬಿಡಿ, ಜಾಸ್ತಿ ಹೋಗಿಲ್ಲ. ಮನೇಲಿ ಜಗಳಾನಾ?’

‘ಜಗಳ ಆಗಿದ್ರೆ ಚೆನ್ನಾಗಿರ್ತಿತ್ತು.’

‘ಅಯ್ಯೋ. ಹಾಗಾದ್ರೆ ದೊಡ್ಡದೇ ಏನೋ’ ಎಂದು ಮೇಸ್ತ್ರಿ ಸಲಿಕೆ ಎತ್ತಿಕೊಂಡು ಹೋದ. ಮತ್ತೇನೂ ಕೇಳಲಿಲ್ಲ. ಹೋಗುವಾಗ ಅವನ ಭುಜದ ಮೇಲೆ ಅಂಟಿದ್ದ ಮರಳನ್ನು ಎರಡು ಬೆರಳಲ್ಲಿ ತಟ್ಟಿ ಕೊಡವಿದ, ಅಷ್ಟೆ.

ಮೂಲೆಯನ್ನು ಹಲಗೆಯಿಂದ ಮಟ್ಟ ಮಾಡಿದರು. ನೀರು ಕೆಳಗಿನಿಂದ ಏರಿತು, ಮರಳು ಪೂರ್ತಿ ಮುಳುಗಿತು, ಗುಳ್ಳೆಗಳು ನಿಂತವು. ಆಮೇಲಷ್ಟೇ ಅವನು ಮೇಲಿನ ವಾಲ್ವನ್ನು, ಈ ಸಲ ಎರಡು ಕೈಯಲ್ಲಿ ಹಿಡಿದು, ಮಗುವಿನ ತಲೆಗೆ ನೀರು ಹೊಯ್ಯುವಷ್ಟು ಮೆಲ್ಲಗೆ ತೆರೆದ. ಬಿಸಿಲು ನೆತ್ತಿ ದಾಟಿದ ಮೇಲೆ ಹೊರಗಿನ ಕೊಳವೆಯಿಂದ ಹೊಸ ಹಾಸಿನ ಮೊದಲ ನೀರು ಕಾಲುವೆಗೆ ಬಿತ್ತು. ಕೊಳವೆಯ ಬದಿಗೆ ಒಂದು ಹಿತ್ತಾಳೆ ನಲ್ಲಿ, ನಲ್ಲಿಯ ಮೇಲಿನ ಗೂಡಿನಲ್ಲಿ ಒಂದು ಗಾಜಿನ ಲೋಟ. ನೀರನ್ನು ಹಿಡಿದು ಬೆಳಕಿಗೆ ನೋಡಲು ಇಟ್ಟದ್ದು. ಅವನು ಹಿಡಿದು ನೋಡಿದ. ಲೋಟದಲ್ಲಿ ನೀರಿದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಚೆಲ್ಲಿ ಲೋಟವನ್ನು ಬೋರಲು ಹಾಕಿದ. ಉಳಿದ ಮೂರು ಹಾಸುಗಳು ಇದರ ಹೊರೆಯನ್ನೂ ಹೊತ್ತುಕೊಂಡು ನಡೆಯುತ್ತಿದ್ದವು. ಅವುಗಳ ವೇಗವನ್ನು ಒಂದು ಕೂದಲೆಳೆಯಷ್ಟು ಹೆಚ್ಚಿಸಿದ್ದ, ಇನ್ನು ಹೆಚ್ಚಿಸುವಂತಿರಲಿಲ್ಲ.

ತಿರುಗಿದರೆ ಗೇಟಿನ ಹತ್ತಿರ ಅವಳು ನಿಂತಿದ್ದಳು.

ಈವರೆಗೆ ಒಂದು ಸಲವೂ ಅವಳು ಇಲ್ಲಿಗೆ ಬಂದವಳಲ್ಲ. ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈ ಬಿಸಿಲಿಗೆ ಅಡ್ಡವಾಗಿ ಹಣೆಯ ಮೇಲೆ. ಅವಳನ್ನು ಹೊರಗೆ, ಬಯಲಲ್ಲಿ, ಇಷ್ಟು ದೂರದಿಂದ ನೋಡಿದ್ದೇ ಇಲ್ಲವೆಂದು ಅವನಿಗೆ ಹೊಳೆಯಿತು. ಎಷ್ಟು ಚಿಕ್ಕವಳು.

‘ಡಬ್ಬಿ ಮರೆತು ಬಂದಿದ್ರಿ’ ಎಂದಳು ಹತ್ತಿರ ಬಂದು.

‘ಆಸ್ಪತ್ರೆಗೆ ಹೋಗ್ಲಿಲ್ವಾ?’

‘ಅರ್ಧ ದಿನ ಸಾಕು ಅಂತ ಹೇಳಿ ಬಂದೆ.’

‘ಬನ್ನಿ ಅಮ್ಮ, ಬನ್ನಿ’ ಎಂದು ಮೇಸ್ತ್ರಿ ದೂರದಿಂದಲೇ ಕೂಗಿದ. ‘ಬೆಳಿಗ್ಗೆಯಿಂದ ಇವರು ನಮಗ್ಯಾರಿಗೂ ಬೈದಿಲ್ಲ. ನಮಗೇ ಹೆದರಿಕೆ ಶುರುವಾಗಿತ್ತು.’

ಅವಳ ತುಟಿಯ ಒಂದು ಕೊನೆ ಮೇಲಾಯಿತು. ಈಗಲೇ ಅವನು ಕ್ಷಮಿಸು ಎನ್ನಬೇಕು. ಬರೀ ಕ್ಷಮಿಸು ಎಂದರೆ ಯಾವುದಕ್ಕೆ ಎಂದು ಹೇಳಬೇಕು. ಯಾವುದಕ್ಕೆ ಎಂದು ಹೇಳಹೊರಟರೆ ಆ ಮಾತನ್ನು ಮತ್ತೊಂದು ಸಲ ಅವಳೆದುರು ಆಡಬೇಕು. ಅವಳು ಕೊಳದ ದಂಡೆಯ ಉದ್ದಕ್ಕೂ ನಾಲ್ಕು ಹೆಜ್ಜೆ ನಡೆದು, ಬಾಗಿ, ನೀರಿನೊಳಗೆ ನೋಡಿದಳು.

‘ಇದೇನಾ ಅದು?’

‘ಯಾವುದು?’

‘ಮಲಗಿದ ಮೇಲೆ ಹೇಳ್ತಾ ಇರ್ತೀರಲ್ಲ. ನಿಮ್ಮ ಹಾಸು, ಮರಳು, ಅದರ ಕೆನೆ.’

‘ನೀನು ನಿದ್ದೆ ಹೋಗಿರ್ತಿದ್ದೆ ಅಂದ್ಕೊಂಡಿದ್ದೆ.’

‘ಅರ್ಧ ನಿದ್ದೆ. ಅರ್ಧ ಕೇಳಿಸ್ತಿತ್ತು.’ ನೀರಿನಿಂದ ಕಣ್ಣು ತೆಗೆಯದೆ ಹೇಳಿದಳು. ‘ಚೆನ್ನಾಗಿರ್ತಿತ್ತು. ಮಳೆ ಬರೋವಾಗ ಒಳಗೆ ಮಲಗಿದ ಹಾಗೆ.’

ಅವನು ಬಾಯಿ ತೆರೆದ. ವಾಲ್ವುಕೋಣೆಯಲ್ಲಿ ಫೋನು ಬಡಿದುಕೊಂಡಿತು. ಅದು ನಿಲ್ಲಲಿ ಎಂದು ಕಾದ. ನಿಲ್ಲಲಿಲ್ಲ. ‘ಒಂದು ನಿಮಿಷ, ಬಂದೆ’ ಎಂದು ಹೇಳಿ ಓಡಿದ.

ಫೋನಿನಲ್ಲಿ ಇಂಜಿನಿಯರ್ ಸಾಹೇಬರು. ಮೇಲಿನ ಬೀದಿಯಿಂದ ಬೆಳಿಗ್ಗೆಯಿಂದ ದೂರು, ಎರಡನೆಯ ಮಹಡಿಗೆ ನೀರು ಹತ್ತುತ್ತಿಲ್ಲ, ಯಾರೋ ದೊಡ್ಡವರ ಮನೆಯಲ್ಲಿ ಸ್ನಾನಕ್ಕೂ ಇಲ್ಲ. ಸಾಹೇಬರು ಕೆಟ್ಟವರಲ್ಲ. ಅವರ ಮೇಲೂ ಯಾರೋ ಹೊರೆ ಹೇರಿದ್ದಾರೆ, ಅವರು ಅದನ್ನು ಕೆಳಗೆ ಬಿಡುತ್ತಿದ್ದಾರೆ. ‘ಮೂರನೇದು ಶುರುವಾಯ್ತಂತಲ್ಲ. ನೀರು ಹೇಗಿದೆ?’ ‘ತಿಳಿಯಾಗಿದೆ ಸರ್.’ ‘ಮತ್ತೆ? ಕೊನೇಲಿ ಕ್ಲೋರಿನ್ ಒಂದು ಹಿಡಿ ಜಾಸ್ತಿ ಹಾಕಿ ಬಿಟ್ಟುಬಿಡಿ ಊರಿಗೆ. ಅಷ್ಟು ತಿಳಿನೀರನ್ನ ಚರಂಡಿಗೆ ಹರಿಸ್ತೀರಲ್ರೀ, ಪಾಪ ಅಲ್ವೇನ್ರೀ ಅದು?’ ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಕಿಟಕಿಯ ಹತ್ತಿರ ಬಂದ. ಕಿಟಕಿಯಾಚೆ ಹೊರಗೊಳವೆ, ಹಿತ್ತಾಳೆ ನಲ್ಲಿ. ನಲ್ಲಿಯ ಎದುರು ಅವಳು. ಗೂಡಿನಿಂದ ಲೋಟವನ್ನು ತೆಗೆದುಕೊಂಡಿದ್ದಳು. ನಲ್ಲಿ ತಿರುಗಿಸಿ, ಲೋಟವನ್ನು ಅದರಡಿ ಹಿಡಿದು, ತುಂಬುವುದನ್ನೇ ನೋಡುತ್ತಿದ್ದಳು.

ಅವನಿಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಡಬ್ಬಿಯನ್ನು ಕೊಡಲು ಬಂದವಳಲ್ಲ ಇವಳು. ಬೆಳಿಗ್ಗೆ ಒಲೆ ಆರಿಸಿದಾಗಲೇ ಮನಸ್ಸಿನಲ್ಲಿ ಇಲ್ಲಿಗೆ ಹೊರಟಿದ್ದಳು. ಇಷ್ಟು ವರ್ಷ ಯಾರ ಮನೆಗೆ ಹೋದರೂ ತುಟಿಗೆ ಮುಟ್ಟಿಸದ ಹಸಿ ನೀರನ್ನು, ಅವನ ಕೆಲಸದ ಜಾಗಕ್ಕೇ ಬಂದು, ಅವನು ಸೋಸಿದ ಕಡೆಯಲ್ಲೇ ಕುಡಿದು ತೋರಿಸಲು ಬಂದಿದ್ದಾಳೆ. ಅವನಿಗಾಗಿ. ಇದಕ್ಕಿಂತ ಹೆಚ್ಚಿನದನ್ನು ಅವನು ಎಂದೂ ಬೇಡಿಕೊಂಡವನಲ್ಲ. ಕುಡಿದರೆ ಏನಾಗುತ್ತದೆ? ಏನೂ ಆಗಲಿಕ್ಕಿಲ್ಲ. ಮೇಲಿರುವುದು ಕೆರೆಯ ನೀರು, ಕೆಳಗೆ ಎದೆಮಟ್ಟ ಮರಳು, ಒಂದು ಲೋಟ. ಅಂಥ ನೀರನ್ನು ಅವನೇ ಹಿಂದೆ ಯಾವಾಗಲೋ ಬಾಯಾರಿ ಕುಡಿದು ಗಟ್ಟಿಯಾಗಿಯೇ ಇದ್ದಾನೆ. ಸುಮ್ಮನಿದ್ದರೆ ಸಾಕು. ಅವಳು ಕುಡಿಯುತ್ತಾಳೆ, ಲೋಟವನ್ನು ಕೆಳಗಿಡುತ್ತಾಳೆ, ಅವನ ಕಡೆ ತಿರುಗುತ್ತಾಳೆ. ನಾಳೆಯಿಂದ ಮನೆಯಲ್ಲಿ ಒಂದೇ ನೀರು. ಅಕ್ಕ ನಕ್ಕದ್ದು, ತಾನು ಆಡಿದ್ದು, ಎಲ್ಲದರ ಮೇಲೂ ಆ ಒಂದು ಲೋಟ ಹರಿದು ತೊಳೆದುಕೊಂಡು ಹೋಗುತ್ತದೆ. ಬೇಡ ಎಂದರೆ? ಬೇಡ ಎಂದರೆ ಅವಳ ಭಯವೇ ಸರಿ ಎಂದು ತನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ. ಇವನ ನೀರನ್ನು ನಂಬುವಂತಿಲ್ಲ ಎಂದು ಇವನೇ ಹೇಳಿದ ಹಾಗೆ. ಆಮೇಲೆ ಅವಳು ಇನ್ನೊಂದು ಸಲ ಇಂಥ ಧೈರ್ಯವನ್ನು ಎಲ್ಲಿಂದ ತಂದಾಳು? ಸಾಹೇಬರು ಕಿವಿಯಲ್ಲಿ ಹೇಳುತ್ತಿದ್ದರು, ಯಾರಿಗೂ ಏನೂ ಆಗಲ್ಲ ಕಣ್ರೀ, ನಾನಿದ್ದೀನಲ್ಲ. ಲೋಟ ತುಂಬಿತು. ಬಿಸಿಲು ಅದರೊಳಗೆ ಹೊಕ್ಕು ಅವಳ ಕೈಮೇಲೆ ಬೆಳಕಿನ ಒಂದು ಚೂರು ಆಡಿತು. ಅವಳು ಲೋಟವನ್ನು ಎತ್ತಿದಳು. ತುಟಿಯ ಹತ್ತಿರ ಬಂದಾಗ ಅವಳ ಕಣ್ಣು ಮುಚ್ಚಿದ್ದನ್ನು ಅವನು ನೋಡಿದ. ಸುಮ್ಮನೆ ಮುಚ್ಚಿದ್ದಲ್ಲ; ರೆಪ್ಪೆಗಳು ಸುಕ್ಕುಗಟ್ಟುವಷ್ಟು ಬಿಗಿಯಾಗಿ, ಕಹಿ ಔಷಧಿಯ ಎದುರು ಕೂತ ಮಗುವಿನ ಹಾಗೆ.

‘ಬೇಡ’ ಎಂದ ಅವನು.

ಎಷ್ಟು ಗಟ್ಟಿಯಾಗಿ ಹೇಳಿದನೋ ಗೊತ್ತಿಲ್ಲ. ಕಿಟಕಿಯಾಚೆ ಅವಳ ಕೈ ನಿಂತಿತು. ದೂರದಲ್ಲಿ ಮೇಸ್ತ್ರಿಯ ಸಲಿಕೆಯೂ ನಿಂತಿತು.

‘ಏನ್ರೀ ಬೇಡ?’ ಎಂದರು ಸಾಹೇಬರು.

‘ನಿಮಗಲ್ಲ ಸರ್.’ ಉಸಿರೆಳೆದುಕೊಂಡ. ‘ಅಲ್ಲ, ನಿಮಗೂ ಹೌದು. ಈ ನೀರು ಬೇಡ ಸರ್. ತಿಳಿಯಾಗಿದೆ, ಕುಡಿಯೋ ಹಾಗಿಲ್ಲ. ಮೇಲಿನ ಬೀದಿಯವರಿಗೆ ಬೇರೆ ನೀರು ಗಾಡೀಲಿ ಕಳಿಸೋಣ, ನಾನೇ ಹೋಗಿ ನಿಂತು ಹಂಚ್ತೀನಿ, ಬೈಸ್ಕೊಳ್ತೀನಿ. ಇದು ಹದಕ್ಕೆ ಬರೋವರೆಗೂ ಬಿಡಲ್ಲ.’

‘ನಿಮ್ಮ ಹತ್ರ ವಾದ ಮಾಡೋದೂ ಒಂದೇ, ಆ ಮರಳಿನ ಹತ್ರ ಮಾಡೋದೂ ಒಂದೇ’ ಎಂದು ಸಾಹೇಬರು ಫೋನಿಟ್ಟರು.

ಅವನು ಹೊರಗೆ ಬಂದಾಗ ಅವಳು ಲೋಟವನ್ನು ಹಾಗೇ ಹಿಡಿದುಕೊಂಡಿದ್ದಳು. ಅವನು ಅದನ್ನು ಅವಳ ಬೆರಳುಗಳಿಂದ ಬಿಡಿಸಿಕೊಂಡ. ಬೆರಳು ತಣ್ಣಗಿದ್ದವು. ನೀರನ್ನು ಕಾಲುವೆಗೆ ಚೆಲ್ಲಿದ. ಹೇಳಬೇಕಾದದ್ದು ಏನೂ ನೆನಪಾಗದೆ, ಗೊತ್ತಿದ್ದದ್ದನ್ನು ಹೇಳತೊಡಗಿದ: ನಿನ್ನೆಯಷ್ಟೇ ಕೆರೆದದ್ದು, ಮೇಲಿನ ಕೆನೆ ಹೋಗಿದೆ, ಕೆನೆಯಿಲ್ಲದ ಮರಳು ಬಣ್ಣವನ್ನು ತೆಗೆಯುತ್ತದೆ, ಕಾಯಿಲೆಯನ್ನು ತೆಗೆಯುವುದಿಲ್ಲ, ಕಣ್ಣಿಗೆ ಮೋಸ. ಅವಸರವಾಗಿ, ಮಾತಿನ ಮೇಲೆ ಮಾತು ಹೇರುತ್ತ ಹೇಳಿದ. ನಡುವೆ ತನಗೇ ಕೇಳಿಸಿ ನಿಲ್ಲಿಸಿದ.

‘ಬೆಳಿಗ್ಗೆ ಆ ಮಾತು ಆಡಬಾರದಿತ್ತು ನಾನು’ ಎಂದ.

ಅವಳು ಕಾಲುವೆಯ ಕಡೆ ನೋಡುತ್ತಿದ್ದಳು. ನೀರು ಹರಿಯುತ್ತಿತ್ತು, ತಳದ ಒಂದೊಂದು ಕಲ್ಲೂ ಎಣಿಸುವ ಹಾಗೆ ಕಾಣುತ್ತಿತ್ತು.

‘ಹಾಗಾದ್ರೆ ಇಷ್ಟು ದಿನ ನಾನು ಕುದಿಸಿದ್ದೇ ಸರಿ ಅಂತಾಯ್ತು’ ಎಂದಳು. ದನಿಯಲ್ಲಿ ಎಲ್ಲೋ ತಳದಲ್ಲಿ ಒಂದು ಸಣ್ಣ ನಗೆಯಿತ್ತು.

‘ಕುದಿಸು. ನಂಗೂ ಅದನ್ನೇ ಕೊಡು.’

‘ನಿಮ್ಮ ನೀರಿಗೆ ಅವಮಾನ ಆಗಲ್ವಾ?’

‘ಅದಕ್ಕೆ ಅಭ್ಯಾಸ ಆಗುತ್ತೆ.’

ಅವಳು ಕಾಲುವೆಯ ಕಲ್ಲಿನ ಮೇಲೆ ಕುಳಿತಳು. ಅವನೂ ಕುಳಿತ, ನಡುವೆ ಡಬ್ಬಿಯಿಡುವಷ್ಟು ಜಾಗ ಬಿಟ್ಟು. ಆ ಮಾತು ತೆಗೀಬೇಡ ಎಂದಿದ್ದಳು ಅಕ್ಕ. ಅವನು ತೆಗೆಯಲಿಲ್ಲ. ಕೆಳಗಿನಿಂದ ನೀರು ಏರಿಬಂದ ಹಾಗೆ ಅದು ತಾನಾಗಿಯೇ ಬಂತು.

‘ಅವತ್ತಿನದೂ ಹೀಗೇ ಇತ್ತು’ ಎಂದಳು. ‘ಇಷ್ಟೇ ತಿಳಿಯಾಗಿ. ದಾರೀಲಿ ಬಾಯಾರಿಕೆ ಅಂದ. ಒಂದು ಮನೆ ಹತ್ರ ನಿಂತು ಕೇಳಿದ್ವಿ. ಒಳ್ಳೆ ಜನ. ಲೋಟ ತೊಳೆದು, ತುಂಬಿಸಿ ಕೊಟ್ರು. ನಾನು ಬೆಳಕಿಗೆ ಹಿಡಿದು ನೋಡ್ದೆ, ನೋಡದೆ ಕೊಡ್ಲಿಲ್ಲ. ಕುಡಿದು, ಇನ್ನೊಂದು ಲೋಟ ಅಂದ.’ ಅವಳ ಕೈಗಳು ಮಡಿಲಲ್ಲಿ ಇಲ್ಲದ ಒಂದು ಬಟ್ಟೆಯ ಅಂಚನ್ನು ಸವರುತ್ತಿದ್ದವು. ‘ಅಲ್ಲಿ ಬೇಡ ಅನ್ನೋರು ಯಾರೂ ಇರಲಿಲ್ಲ.’

ಅವನು ಕೈಯಲ್ಲಿದ್ದ ಖಾಲಿ ಲೋಟವನ್ನು ಕಲ್ಲಿನ ಮೇಲೆ ಬೋರಲು ಹಾಕಿದ. ದೇವರು ತನ್ನ ಬಾಯಿಯನ್ನು ಒಂದು ಸಲವಾದರೂ ಹೊತ್ತಿಗೆ ಸರಿಯಾಗಿ ತೆರೆದು, ಹೊತ್ತಿಗೆ ಸರಿಯಾಗಿ ಮುಚ್ಚಿದ್ದಾನೆ ಎಂದುಕೊಂಡ. ಅವಳ ಕಣ್ಣಿಂದ ಇಳಿದದ್ದನ್ನು ಅವಳು ಒರೆಸಿಕೊಳ್ಳಲಿಲ್ಲ. ಅವನೂ ನೋಡದವನಂತೆ ಇರಲಿಲ್ಲ. ನೋಡಿದ.

‘ಅವನನ್ನ ಏನಂತ ಕರೀತಿದ್ದೆ?’ ಎಂದು ಕೇಳಿದ ಕೊನೆಗೆ.

ಅವಳು ತಿರುಗಿ ಅವನ ಮುಖವನ್ನು ಹುಡುಕುವವಳಂತೆ ನೋಡಿದಳು. ಹೇಳಿದಳು. ಎರಡೇ ಅಕ್ಷರದ, ಮುದ್ದಿಗೆ ಇಟ್ಟ, ಮನೆಯೊಳಗಷ್ಟೇ ಓಡಾಡಿದ ಹೆಸರು. ಬಹಳ ದಿನ ಹೊರಗೆ ಬಾರದೆ ಬಂದದ್ದರಿಂದ ಅವಳ ಗಂಟಲಲ್ಲಿ ಅದು ಒಂದಿಷ್ಟು ಒಡೆಯಿತು. ಅವನು ಅದನ್ನು ಮೆಲ್ಲಗೆ, ಬೇರೆಯವರ ಮಗುವನ್ನು ಮೊದಲ ಸಲ ಎತ್ತಿಕೊಳ್ಳುವವನ ಅಂಜಿಕೆಯಲ್ಲಿ, ಹೇಳಿ ನೋಡಿದ.

‘ಹಾಗಲ್ಲ’ ಎಂದಳು. ‘ಕೊನೇಲಿ ಎಳೀಬೇಕು. ಆಟ ಬಿಟ್ಟು ಬರ್ತಿರಲಿಲ್ಲ ಅವನು. ಎಳೆದು ಕರೆದ್ರೇನೇ ಬರ್ತಿದ್ದಿದ್ದು.’

ಅವನು ಮತ್ತೆ ಕರೆದ. ಈ ಸಲ ಕೊನೆಯನ್ನು ಎಳೆದು, ಬಯಲಿನಾಚೆ ಎಲ್ಲೋ ಆಡುತ್ತಿರುವವನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಆಚೆ ದಂಡೆಯಲ್ಲಿ ಮೇಸ್ತ್ರಿ ತಲೆಯೆತ್ತಿ, ಯಾರನ್ನು ಕರೆದರೆಂದು ಸುತ್ತಲೂ ನೋಡಿದ.